ಅಜ್ಜಿ ತೀರಿಕೊಂಡ ಮೇಲೂ ಪಿಂಚಣಿ ಬಂದಿದೆ, ಈಗ ಬ್ಯಾಂಕು 82,350 ವಾಪಸ್ ಕೇಳುತ್ತಿದೆ. ಕಟ್ಟಲೇಬೇಕಾ?

ಆನಂದಪುರದವ · 2025 ಜನವರಿ 21

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಜ್ಜ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ ಕುಂಸಿ, ಅರಸಾಳು ಕಡೆ ಜಾಸ್ತಿ ಕೆಲಸ ಮಾಡಿದವರು. ಅಜ್ಜ ಹೋಗಿ ತುಂಬಾ ವರ್ಷ ಆಯಿತು. ಆಮೇಲೆ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತಿತ್ತು, ಮೂಲ 9,000 ಮತ್ತು ಅದರ ಮೇಲೆ ಡಿಎ (ತುಟ್ಟಿಭತ್ಯೆ).

ಅಜ್ಜಿ ಕಳೆದ ವರ್ಷ ಜೂನ್ 18ಕ್ಕೆ ತೀರಿಕೊಂಡರು. ಮರಣ ಪತ್ರ ಸಮಯಕ್ಕೆ ಸರಿಯಾಗಿ ಮಾಡಿಸಿದೆವು, ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದೆವು. ಬ್ಯಾಂಕಿಗೆ ಮಾತ್ರ ಯಾರೂ ಕಾಗದ ಕೊಡಲಿಲ್ಲ. ಚಿಕ್ಕಪ್ಪ ಆಗಸ್ಟಿನಲ್ಲಿ ಬೇರೆ ಕೆಲಸಕ್ಕೆ ಹೋದಾಗ ಕೌಂಟರಿನಲ್ಲಿ ಬಾಯಿಮಾತಿಗೆ ಹೇಳಿದ್ದರಂತೆ, ಅವರು "ಹೂಂ" ಅಂದರಂತೆ. ಅಷ್ಟೇ. ದುಡ್ಡು ಬರುತ್ತಲೇ ಇತ್ತು. ಎಟಿಎಂ ಕಾರ್ಡು ಚಿಕ್ಕಪ್ಪನ ಹತ್ತಿರವೇ ಇತ್ತು, ಕಾರ್ಯದ ಖರ್ಚಿಗೆ, ಊಟಕ್ಕೆ ಅಂತ ಅದರಿಂದಲೇ ತೆಗೆದಿದ್ದಾರೆ. ಸುಳ್ಳು ಹೇಳುವುದಿಲ್ಲ, ಆಮೇಲೆ ತೋಟದ ಆಳಿನ ಸಂಬಳಕ್ಕೂ ಒಮ್ಮೆ ತೆಗೆದಿದ್ದಾರೆ.

ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲಿಲ್ಲ, ಕೊಡುವವರೇ ಇಲ್ಲವಲ್ಲ. ಡಿಸೆಂಬರಿನಿಂದ ಪಿಂಚಣಿ ನಿಂತಿತು. ಮೊನ್ನೆ ಬ್ಯಾಂಕಿನಿಂದ ಪತ್ರ ಬಂದಿದೆ, 82,350 ರೂಪಾಯಿ ಏಳು ದಿನದಲ್ಲಿ ಕಟ್ಟಬೇಕಂತೆ. ಅಜ್ಜಿ ಖಾತೆಯಲ್ಲಿ 61,400 ಇತ್ತು, ಅದನ್ನು ಹಿಡಿದಿಟ್ಟಿದ್ದಾರೆ. ಅದು ಹೋಗಲಿ. ಉಳಿದ 20,950ಕ್ಕೆ ಚಿಕ್ಕಪ್ಪನ ಸ್ವಂತ ಖಾತೆಯನ್ನೂ ಹೋಲ್ಡ್ ಮಾಡಿದ್ದಾರೆ! ಅದೇ ಬ್ಯಾಂಕು, ಅದೇ ಶಾಖೆ. ಆ ಖಾತೆಗೆ ಮಂಡಿಯಿಂದ ಅಡಿಕೆ ದುಡ್ಡು ಬಂದಿತ್ತು. ಈಗ ಅಡಿಕೆ ಗೊನೆ ಕೊಯ್ಲು ನಡೆಯುತ್ತಿದೆ, ಸುಲಿಯುವವರಿಗೆ ವಾರಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡಬೇಕು, ಕೈಯಲ್ಲಿ ಕಾಸಿಲ್ಲ.

ಕೇಳಬೇಕಾದ್ದು ಎರಡೇ. ಕಟ್ಟಲೇಬೇಕಾ? ಚಿಕ್ಕಪ್ಪನ ಖಾತೆ ಹಿಡಿಯಲು ಅವರಿಗೆ ಹಕ್ಕಿದೆಯಾ?

---

ಕೊಡಚಾದ್ರಿ77 · ಜನವರಿ 21

ಒಂದು ಪೈಸೆ ಕಟ್ಟಬೇಡಿ ಅಣ್ಣಾ. ಸುಪ್ರೀಂ ಕೋರ್ಟೇ ಹೇಳಿದೆ. 2014ರ ರಫೀಕ್ ಮಸೀಹ್ ತೀರ್ಪು ಅಂತ ಹುಡುಕಿ. ನಿವೃತ್ತರಾದವರಿಂದ, ಸಿ ಮತ್ತು ಡಿ ದರ್ಜೆ ನೌಕರರಿಂದ ಜಾಸ್ತಿ ಕೊಟ್ಟ ದುಡ್ಡು ವಾಪಸ್ ತೆಗೆದುಕೊಳ್ಳುವ ಹಾಗೇ ಇಲ್ಲ. ಗ್ಯಾಂಗ್‌ಮನ್ ಡಿ ದರ್ಜೆ ತಾನೇ? ಮುಗಿಯಿತು. ತಪ್ಪು ಬ್ಯಾಂಕಿನದು, ಅವರೇ ಕಟ್ಟಿಕೊಳ್ಳಲಿ. ನಮ್ಮ ಕಡೆಯವರು ಪತ್ರ ಬಂದ ಕೂಡಲೇ ಹೆದರಿ ಕಟ್ಟಿಬಿಡುತ್ತಾರೆ, ಅದಕ್ಕೇ ಇವರು ಹೀಗೆ ಆಡುವುದು.

---

ಸೊರಬದ_ಸೊಗಡು · ಜನವರಿ 21

ನಮ್ಮ ಓಣಿಯಲ್ಲೂ ಹೀಗೇ ಆಗಿತ್ತು, ಆದರೆ ಅದು ಸಂಧ್ಯಾ ಸುರಕ್ಷಾ ದುಡ್ಡು. ತಿಂಗಳಿಗೆ 1,200. ಅಜ್ಜ ಸತ್ತ ಮೇಲೂ ನಾಲ್ಕು ತಿಂಗಳು ಬಂತು. ಯಾರೂ ಏನೂ ಕೇಳಲಿಲ್ಲ. ದೊಡ್ಡ ಮೊತ್ತ ಆದರೆ ಮಾತ್ರ ಕೇಳುತ್ತಾರೆ ಅನಿಸುತ್ತದೆ.

---

ಲೆಕ್ಕದ_ಮೇಷ್ಟ್ರು · ಜನವರಿ 22

ಕೊಡಚಾದ್ರಿಯವರೇ, ಸಿಟ್ಟು ಮಾಡಿಕೊಳ್ಳಬೇಡಿ, ಆದರೆ ಈ ಸಲಹೆ ಕೇಳಿದರೆ ಈ ಹುಡುಗ ಸಿಕ್ಕಿಬೀಳುತ್ತಾನೆ.

ನಾನು ಮೇಷ್ಟ್ರಲ್ಲ. ಪಿಂಚಣಿ ಲೆಕ್ಕಪತ್ರ ನೋಡುವ ಕಚೇರಿಯಲ್ಲಿ ಮೂವತ್ತು ವರ್ಷ ಕೂತವನು. ಈಗ ತೀರ್ಥಹಳ್ಳಿಯಲ್ಲಿ ಬಾಳೆ ಮತ್ತು ಕಾಳುಮೆಣಸು ನೋಡಿಕೊಂಡಿದ್ದೇನೆ.

ರಫೀಕ್ ಮಸೀಹ್ ತೀರ್ಪಿನ ಆಧಾರ ಬೇರೆ. ಒಬ್ಬ ಮನುಷ್ಯ ಬದುಕಿದ್ದಾನೆ, ಅವನಿಗೆ ಸಂಬಳವೋ ಪಿಂಚಣಿಯೋ ಬರಬೇಕಾದ್ದೇ. ಆದರೆ ಕಚೇರಿಯವರು ಲೆಕ್ಕ ತಪ್ಪಿ ಜಾಸ್ತಿ ಕೊಟ್ಟರು. ಅವನ ತಪ್ಪಿಲ್ಲ, ಅವನು ಮೋಸ ಮಾಡಿಲ್ಲ, ಬಂದ ದುಡ್ಡು ತನ್ನದೇ ಅಂದುಕೊಂಡು ಖರ್ಚು ಮಾಡಿದ. ಅಂಥವನ ಮೇಲೆ ವರ್ಷಗಳಾದ ಮೇಲೆ ವಸೂಲಿ ಹೇರಿದರೆ ಕ್ರೂರ ಆಗುತ್ತದೆ. ಆ ತೀರ್ಪಿನ ಜೀವಾಳ ಇದು. ಸಿ, ಡಿ ದರ್ಜೆಯವರು, ನಿವೃತ್ತರು ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರು, ಐದು ವರ್ಷಕ್ಕಿಂತ ಜಾಸ್ತಿ ಕಾಲ ಹೀಗೆ ಬಂದಿದ್ದವರು, ಹೀಗೆ ಕೆಲವು ಗುಂಪು ಹೇಳಿದ್ದಾರೆ. ಕೇಂದ್ರ ಸರ್ಕಾರ 2016ರ ಮಾರ್ಚಿನಲ್ಲಿ ಅದನ್ನು ಇಟ್ಟುಕೊಂಡೇ ಆದೇಶ ಮಾಡಿತು.

ಇಲ್ಲಿ ಆಗಿದ್ದು ಅದಲ್ಲ. ಜೂನ್ 18ರ ನಂತರ ಆ ಪಿಂಚಣಿಗೆ ಯಜಮಾನಿಯೇ ಇಲ್ಲ. ಅಜ್ಜಿ ತೆಗೆದುಕೊಂಡೂ ಇಲ್ಲ, ಖರ್ಚು ಮಾಡಿಯೂ ಇಲ್ಲ. ತೆಗೆದವರು ಚಿಕ್ಕಪ್ಪ, ಅವರಿಗೆ ಪಿಂಚಣಿ ಮಂಜೂರೇ ಆಗಿಲ್ಲ. ಅಮ್ಮ ತೀರಿಕೊಂಡಿದ್ದಾರೆ ಅಂತ ಅವರಿಗೆ ಗೊತ್ತಿತ್ತು, ತಾವೇ ಕಾರ್ಯ ಮಾಡಿದವರು. ಕೋರ್ಟಿಗೆ ಹೋಗಿ ಏನು ಹೇಳುತ್ತೀರಿ?

ಇನ್ನೊಂದು ವಿಷಯ. ಪಿಂಚಣಿ ಶುರುವಾಗುವಾಗ ಬ್ಯಾಂಕು ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತದೆ. ಯಾರೂ ಓದುವುದಿಲ್ಲ, ಹೆಬ್ಬೆಟ್ಟು ಒತ್ತಿ ಬರುತ್ತಾರೆ. ನನಗೆ ಹಕ್ಕಿಲ್ಲದ ದುಡ್ಡು ಬಂದರೆ ವಾಪಸ್ ಕೊಡುತ್ತೇನೆ, ನಾನೂ ನನ್ನ ವಾರಸುದಾರರೂ ಇದಕ್ಕೆ ಬದ್ಧರು ಅಂತ ಅದರಲ್ಲಿ ಇರುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟೇ ಇನ್ನೊಂದು ಪ್ರಕರಣದಲ್ಲಿ, ಮುಚ್ಚಳಿಕೆ ಬರೆದುಕೊಟ್ಟವರು ಅದಕ್ಕೆ ಬದ್ಧರು ಎಂದು ಹೇಳಿದೆ.

ಹಾಗಾಗಿ ಸತ್ತ ಮೇಲೆ ಬಂದ ದುಡ್ಡು ವಾಪಸ್ ಕೊಡಲೇಬೇಕು. ಅದರಲ್ಲಿ ಚರ್ಚೆ ಇಲ್ಲ. ಆದರೆ 82,350 ಕಟ್ಟಬೇಕಾ ಅನ್ನುವುದು ಬೇರೆ ಪ್ರಶ್ನೆ. ಬ್ಯಾಂಕು ಬರೆದದ್ದೇ ಲೆಕ್ಕ ಅಂತ ಯಾರು ಹೇಳಿದ್ದು? ಪಾಸ್‌ಬುಕ್ ತೆಗೆದು ಯಾವ ತಿಂಗಳು ಎಷ್ಟು ಬಂದಿದೆ ಅಂತ ಇಲ್ಲಿ ಹಾಕಿ. ಮತ್ತೆ, ಅಜ್ಜಿಗೆ ವಯಸ್ಸೆಷ್ಟಾಗಿತ್ತು? ಇದನ್ನು ಮರೆಯದೆ ಹೇಳಿ.

---

ಕೊಡಚಾದ್ರಿ77 · ಜನವರಿ 22

ಸರಿ ಸರ್, ಒಪ್ಪಿದೆ. ಆದರೆ ಬ್ಯಾಂಕಿನ ತಪ್ಪಿಗೆ ಬ್ಯಾಂಕಿಗೆ ಏನೂ ಇಲ್ವಾ? ಆಗಸ್ಟಿನಲ್ಲೇ ಹೇಳಿದ್ದರಲ್ಲ.

---

ಕೌಂಟರ್_ನಂ_3 · ಜನವರಿ 22

ನಾನು ಬೇರೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಊರು ಹೇಳುವುದಿಲ್ಲ.

ಬಾಯಲ್ಲಿ ಹೇಳಿದ್ದಕ್ಕೆ ನಮ್ಮಲ್ಲಿ ಬೆಲೆ ಇಲ್ಲ. ಕೇಳಿಸಿಕೊಂಡವರು ಮರುದಿನ ಬೇರೆ ಸೀಟಿನಲ್ಲಿ ಇರುತ್ತಾರೆ, ಮುಂದಿನ ತಿಂಗಳು ಬೇರೆ ಊರಿನಲ್ಲಿ. ಪಿಂಚಣಿ ಶಾಖೆಯಿಂದ ಹೋಗುವುದೂ ಇಲ್ಲ, ಎಲ್ಲೋ ದೂರದ ಕೇಂದ್ರೀಕೃತ ಪಿಂಚಣಿ ಕೇಂದ್ರದಿಂದ ಹೋಗುತ್ತದೆ. ಶಾಖೆಯವರು ಸಿಸ್ಟಮ್ಮಿನಲ್ಲಿ ಮರಣ ದಿನಾಂಕ ಹಾಕಿದರೆ ಮಾತ್ರ ಅಲ್ಲಿ ನಿಲ್ಲುತ್ತದೆ. ಅದಕ್ಕೇ ಮರಣ ಪತ್ರದ ನಕಲು ಕೊಟ್ಟು, ಇನ್ನೊಂದು ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ ಅಂತ ಹೇಳುವುದು. ಎಷ್ಟು ಜನ ಕೇಳುತ್ತಾರೆ?

ಆದರೆ ಆ ಶಾಖೆಯವರಿಗೆ ಇಷ್ಟು ಅವಸರ ಯಾಕೆ ಅಂತ ಹೇಳುತ್ತೇನೆ. ಬ್ಯಾಂಕಿನ ತಪ್ಪಿನಿಂದ ಜಾಸ್ತಿ ಪಿಂಚಣಿ ಹೋಗಿದ್ದರೆ, ಗೊತ್ತಾದ ಕೂಡಲೇ ಪೂರ್ತಿ ಮೊತ್ತವನ್ನು ಬ್ಯಾಂಕೇ ಸರ್ಕಾರಕ್ಕೆ ಒಂದೇ ಗಂಟಾಗಿ ಕಟ್ಟಬೇಕು, ಪಿಂಚಣಿದಾರರಿಂದ ವಸೂಲಿ ಆಗುವವರೆಗೆ ಕಾಯುವಂತಿಲ್ಲ. ರಿಸರ್ವ್ ಬ್ಯಾಂಕಿನ ಸೂಚನೆ ಹಾಗಿದೆ. ಅಂದರೆ ಹೋಗಿದ್ದು ಬ್ಯಾಂಕಿನ ಜೇಬಿನಿಂದ. ಆಮೇಲೆ ಆಡಿಟ್‌ನವರು ಶಾಖೆಯವರ ಕುತ್ತಿಗೆ ಹಿಡಿಯುತ್ತಾರೆ, ಶಾಖೆಯವರು ಚಿಕ್ಕಪ್ಪನ ಖಾತೆ ಹಿಡಿಯುತ್ತಾರೆ.

ಚಿಕ್ಕಪ್ಪನ ಖಾತೆ ಹೋಲ್ಡ್ ಮಾಡಿದ್ದು ನನಗೆ ಸರಿ ಕಾಣುವುದಿಲ್ಲ. ಮುಚ್ಚಳಿಕೆ ಅಜ್ಜಿಯದು. ಅಜ್ಜಿ ಖಾತೆಯ ದುಡ್ಡು ಹಿಡಿಯಬಹುದು. ಚಿಕ್ಕಪ್ಪ ತನ್ನ ಖಾತೆಗೆ ಅಂಥ ಪತ್ರ ಬರೆದುಕೊಟ್ಟಿದ್ದಾರಾ? ಇಲ್ಲ ಅಂದರೆ ಯಾವ ನಿಯಮದ ಮೇಲೆ ಹೋಲ್ಡ್ ಮಾಡಿದಿರಿ, ನೋಟಿಸ್ ಯಾವಾಗ ಕೊಟ್ಟಿರಿ ಅಂತ ಬರಹದಲ್ಲಿ ಕೇಳಲಿ. ಬರಹದಲ್ಲಿ! ಫೋನ್ ಬೇಡ.

---

ಭದ್ರಾವತಿ_ಮಗ · ಜನವರಿ 22

ಮೇಷ್ಟ್ರೇ, ಮಧ್ಯದಲ್ಲಿ ನುಗ್ಗುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಮ್ಮನದು ಬೇರೆ ಥರ. ಅಪ್ಪ ಅಂಚೆ ಇಲಾಖೆಯಲ್ಲಿದ್ದರು, ನಿವೃತ್ತರಾದ ಮೇಲೆ 2010ರಲ್ಲಿ ಹೋದರು. ಅಮ್ಮನಿಗೆ ಮೊದಲು ಜಾಸ್ತಿ ದರದ ಕುಟುಂಬ ಪಿಂಚಣಿ, ಏಳು ವರ್ಷ ಆದ ಮೇಲೆ ಕಡಿಮೆ ದರದ್ದು ಅಂತ ಪಿಪಿಒನಲ್ಲೇ (ಪಿಂಚಣಿ ಪಾವತಿ ಆದೇಶ) ದಿನಾಂಕ ಸಮೇತ ಇದೆಯಂತೆ. ನಮಗೆ ಗೊತ್ತೇ ಇರಲಿಲ್ಲ. ಬ್ಯಾಂಕಿನವರೂ ನೋಡಿಲ್ಲ. 2017ರಲ್ಲಿ ಇಳಿಸಬೇಕಿತ್ತು, 2023ರವರೆಗೂ ಅದೇ ದರ ಕೊಟ್ಟಿದ್ದಾರೆ. ಈಗ ಲಕ್ಷಗಟ್ಟಲೆ ಲೆಕ್ಕ ತೆಗೆದು ಪ್ರತಿ ತಿಂಗಳ ಪಿಂಚಣಿಯಲ್ಲಿ ಮೂರನೇ ಒಂದು ಭಾಗ ಹಿಡಿಯುತ್ತಿದ್ದಾರೆ. ಅಮ್ಮನಿಗೆ 74. ಸಕ್ಕರೆ ಕಾಯಿಲೆ, ಔಷಧಿಗೇ ತಿಂಗಳಿಗೆ ಮೂರು ಸಾವಿರ ಬೇಕು. ನಮಗೆ ರಫೀಕ್ ಮಸೀಹ್ ಆಗುತ್ತದಾ?

---

ಲೆಕ್ಕದ_ಮೇಷ್ಟ್ರು · ಜನವರಿ 22

ನಿಮ್ಮದಕ್ಕೇ ಅದು ಹತ್ತಿರ. ಅಮ್ಮ ಬದುಕಿದ್ದಾರೆ, ಹಕ್ಕಿನ ಪಿಂಚಣಿಯೇ, ದರ ಮಾತ್ರ ತಪ್ಪಿದೆ, ತಪ್ಪು ಅವರದಲ್ಲ, ಐದು ವರ್ಷ ದಾಟಿದೆ. ಇನ್ನೊಂದು ತೀರ್ಪು ಇದೆ, 2022ರ ಮೇ ತಿಂಗಳಿನದು, ಕೇರಳದ ಒಬ್ಬ ನಿವೃತ್ತ ಶಿಕ್ಷಕರ ವಿಷಯ, ಥಾಮಸ್ ಡೇನಿಯಲ್ ಪ್ರಕರಣ ಅನ್ನುತ್ತಾರೆ. ನೌಕರನ ಸುಳ್ಳು ಮಾಹಿತಿಯಿಂದಲೋ ಮೋಸದಿಂದಲೋ ಆದ ಪಾವತಿ ಅಲ್ಲದಿದ್ದರೆ ವಾಪಸ್ ಕೇಳುವುದು ಸರಿಯಲ್ಲ ಎಂದು ಅದರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎರಡನ್ನೂ ಹೆಸರಿಸಿ ಬರೆಯಿರಿ.

ಎದುರಿಗೆ ಮುಚ್ಚಳಿಕೆ ತೋರಿಸುತ್ತಾರೆ, ಅದು ನಿಮಗೆ ತೊಡಕು. ಹಾಗಾಗಿ ಗೆದ್ದೇ ಗೆಲ್ಲುತ್ತೀರಿ ಅಂತ ನಾನು ಹೇಳುವುದಿಲ್ಲ. ಆದರೆ ಬ್ಯಾಂಕಿಗೆ ಮಾತ್ರ ಬರೆದು ಕೂರಬೇಡಿ. ಪಿಂಚಣಿ ಮಂಜೂರು ಮಾಡಿದ್ದು ಬ್ಯಾಂಕಲ್ಲ, ಅಂಚೆ ಇಲಾಖೆ. ರಿಸರ್ವ್ ಬ್ಯಾಂಕು 2021ರ ಜನವರಿಯಲ್ಲಿ ವಸೂಲಿ ಬಗ್ಗೆ ಇದ್ದ ತನ್ನ ಹಳೆಯ ಸುತ್ತೋಲೆಗಳನ್ನು ವಾಪಸ್ ತೆಗೆದುಕೊಂಡು, ಹೇಗೆ ವಸೂಲಿ ಮಾಡಬೇಕು ಅಂತ ಪಿಂಚಣಿ ಮಂಜೂರು ಮಾಡಿದವರನ್ನೇ ಕೇಳಿ ಅಂತ ಬ್ಯಾಂಕುಗಳಿಗೆ ಹೇಳಿದೆ. ನಿಮ್ಮ ಬ್ಯಾಂಕು ಕೇಳಿದೆಯಾ? ಕೇಳಿದ್ದರೆ ಆ ಪತ್ರದ ನಕಲು ಕೊಡಿ ಅನ್ನಿ. ಮುಕ್ಕಾಲು ಪಾಲು ಅವರ ಹತ್ತಿರ ಇರುವುದಿಲ್ಲ.

2020ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಹೀಗೊಂದು ಬಂದಿತ್ತು. ಬ್ಯಾಂಕು ತಾನೇ ತಪ್ಪು ಅಂತ ತೀರ್ಮಾನಿಸಿ ಒಬ್ಬ ನಿವೃತ್ತರ ಪಿಂಚಣಿಯಲ್ಲಿ ತಿಂಗಳು ತಿಂಗಳು ಹಿಡಿಯುತ್ತಿತ್ತು. ಕೊನೆಗೆ ನೋಡಿದರೆ ಇಲಾಖೆಯವರ ಪ್ರಕಾರ ಆ ಪಿಂಚಣಿ ಸರಿಯಾಗಿಯೇ ಇತ್ತು! ಪಿಂಚಣಿ ನಿಗದಿ ಮಾಡಲು ಬ್ಯಾಂಕಿಗೆ ಅಧಿಕಾರವಿಲ್ಲ ಅಂತ ಕೋರ್ಟು ಚೆನ್ನಾಗಿ ಬೈದು, ವಸೂಲಿ ರದ್ದು ಮಾಡಿತು. ಹಾಗಾಗಿ ಮೊದಲು ದರ ತಪ್ಪಿದೆಯೋ ಇಲ್ಲವೋ ಅಂತಲೇ ಖಾತ್ರಿ ಮಾಡಿಕೊಳ್ಳಿ. ಜಾಸ್ತಿ ದರ ಏಳು ವರ್ಷ, ಅಥವಾ ತೀರಿಕೊಂಡವರಿಗೆ 67 ತುಂಬುತ್ತಿದ್ದ ದಿನ, ಇದರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ.

ಈಗ ಅಮ್ಮನಿಗೆ ತೊಂದರೆ ಆಗುತ್ತಿದೆಯಲ್ಲ, ಕಂತು ಕಡಿಮೆ ಮಾಡಿ ಅಂತ ಇವತ್ತೇ ಒಂದು ಅರ್ಜಿ ಕೊಡಿ. ಔಷಧಿ ಚೀಟಿ ಲಗತ್ತಿಸಿ. ಕಂತು ಇಳಿಸುವುದು ಬ್ಯಾಂಕಿಗೆ ಕಷ್ಟವಲ್ಲ, ಕೇಳುವವರು ಬೇಕು.

---

ಆನಂದಪುರದವ · ಜನವರಿ 23

ಇವತ್ತು ಕರೆಂಟ್ ಇರಲಿಲ್ಲ, ತಡವಾಯಿತು. ಪಾಸ್‌ಬುಕ್ ನೋಡಿದೆ.

ಜೂನ್ 30ಕ್ಕೆ 13,500. ಜುಲೈ, ಆಗಸ್ಟ್, ಸೆಪ್ಟೆಂಬರ್ ಅಷ್ಟಷ್ಟೇ. ಅಕ್ಟೋಬರಿನಲ್ಲಿ 14,580 (ಡಿಎ ಏರಿದ್ದಕ್ಕೆ ಬಾಕಿ ಸೇರಿ ಇರಬೇಕು). ನವೆಂಬರಿನಲ್ಲಿ 13,770. ಕೂಡಿದರೆ ಸರಿಯಾಗಿ 82,350. ಅಂದರೆ ಬ್ಯಾಂಕಿನ ಲೆಕ್ಕ ಸರಿ ಇದೆ ಅನಿಸುತ್ತದೆ.

ಅಜ್ಜಿ ವಯಸ್ಸು: ಆಧಾರ್ ಮತ್ತು ಮತದಾರರ ಚೀಟಿ ಎರಡರಲ್ಲೂ 1-1-1943. ನಿಜವಾದ ದಿನ ಯಾರಿಗೂ ಗೊತ್ತಿಲ್ಲ, ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು ಅನ್ನುತ್ತಿದ್ದರು. ನಮ್ಮಲ್ಲಿ ಯಾವ ವರ್ಷ ದೊಡ್ಡ ಮಳೆ ಬರುವುದಿಲ್ಲ ಹೇಳಿ.

---

ತುಂಗಾತೀರ · ಜನವರಿ 23

ಮಲೆನಾಡಿನ ಅಜ್ಜಿಯರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು 😀 ನಮ್ಮ ಮನೆಯಲ್ಲಿ ಮೂವರಿದ್ದಾರೆ.

---

ಲೆಕ್ಕದ_ಮೇಷ್ಟ್ರು · ಜನವರಿ 23

ಬ್ಯಾಂಕಿನ ಲೆಕ್ಕ ಸರಿಯಿಲ್ಲ. ಕೂತು ಓದಿ.

ಮೊದಲು ಜೂನ್ ತಿಂಗಳು. ಪಿಂಚಣಿ ತೀರಿಕೊಂಡ ದಿನದವರೆಗೂ ಸಲ್ಲುತ್ತದೆ, ಆ ದಿನವೂ ಸೇರಿ. ಜೂನ್ 1ರಿಂದ 18 ಅಂದರೆ 18 ದಿನ. 13,500ರಲ್ಲಿ 30ಕ್ಕೆ 18 ಹಿಡಿದರೆ 8,100. ಇದು ಅಜ್ಜಿಯ ದುಡ್ಡು. ಬ್ಯಾಂಕು ಇಡೀ ಜೂನನ್ನೇ ಸೇರಿಸಿದೆ. ಸೋಮಾರಿತನ ಅಷ್ಟೇ, ತಿಂಗಳ ಕೊನೆಗೆ ಜಮಾ ಆಗಿದ್ದರಿಂದ ಎಲ್ಲವೂ ಸತ್ತ ಮೇಲಿನದು ಅಂತ ಕೂಡಿಬಿಟ್ಟಿದ್ದಾರೆ. 82,350ರಲ್ಲಿ 8,100 ಕಳೆದರೆ 74,250. ನೀವು ವಾಪಸ್ ಕೊಡಬೇಕಾದ್ದು ಇಷ್ಟು.

ಇನ್ನು ನಾನು ವಯಸ್ಸು ಕೇಳಿದ್ದು ಯಾಕೆ ಅಂದರೆ, ಕೇಂದ್ರದ ಪಿಂಚಣಿದಾರರಿಗೂ ಕುಟುಂಬ ಪಿಂಚಣಿದಾರರಿಗೂ 80 ತುಂಬಿದರೆ ಮೂಲ ಪಿಂಚಣಿಯ ಶೇ. 20 ಜಾಸ್ತಿ ಕೊಡಬೇಕು. 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರಕ್ಕೆ ಇಮ್ಮಡಿ. ಆರನೇ ವೇತನ ಆಯೋಗದ ಕಾಲದಿಂದ ಇದೆ. ರೈಲ್ವೆಗೂ ಉಂಟು. ನಿಮ್ಮ ಅಜ್ಜಿಗೆ 2023ರ ಜನವರಿ 1ಕ್ಕೆ 80 ತುಂಬಿತು. ಆದರೆ ಜೂನಿನಲ್ಲಿ ಬಂದದ್ದು 13,500, ಅಂದರೆ 9,000 ಮತ್ತು ಶೇ. 50 ಡಿಎ ಮಾತ್ರ. ಎಂಬತ್ತರ ಹೆಚ್ಚುವರಿ ಬಂದೇ ಇಲ್ಲ! ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ದಿನವೇ ಇರುವುದಿಲ್ಲ. ಅದಿಲ್ಲದಿದ್ದರೆ ಕಂಪ್ಯೂಟರಿಗೆ ಅಜ್ಜಿಗೆ ವಯಸ್ಸೇ ಆಗುವುದಿಲ್ಲ.

9,000ಕ್ಕೆ ಶೇ. 20 ಅಂದರೆ 1,800. ಅದರ ಮೇಲೆ ಆಯಾ ಕಾಲದ ಡಿಎ. 2023ರ ಮೊದಲ ಆರು ತಿಂಗಳು ಶೇ. 42, ತಿಂಗಳಿಗೆ 2,556, ಆರು ತಿಂಗಳಿಗೆ 15,336. ಜುಲೈನಿಂದ ಡಿಸೆಂಬರ್ ಶೇ. 46, ತಿಂಗಳಿಗೆ 2,628, ಒಟ್ಟು 15,768. 2024ರ ಜನವರಿಯಿಂದ ಶೇ. 50, ತಿಂಗಳಿಗೆ 2,700. ಐದು ತಿಂಗಳಿಗೆ 13,500, ಜೂನಿನ 18 ದಿನಕ್ಕೆ 1,620. ಎಲ್ಲ ಕೂಡಿ 46,224 ರೂಪಾಯಿ. ಇದು ಸರ್ಕಾರ ಅಜ್ಜಿಗೆ ಕೊಡಬೇಕಾಗಿದ್ದ ಬಾಕಿ.

ಜಾಸ್ತಿ ಹೋದದ್ದನ್ನು ಹುಡುಕಿ ಪತ್ರ ಬರೆದವರಿಗೆ, ಕಡಿಮೆ ಹೋದದ್ದು ಕಣ್ಣಿಗೆ ಬೀಳಲಿಲ್ಲ.

---

ಕೊಡಚಾದ್ರಿ77 · ಜನವರಿ 23

ಅಬ್ಬಾ. ಹಾಗಾದರೆ ಕಳೆದು 28,026 ಕಟ್ಟಿದರೆ ಆಯಿತಲ್ಲ?

---

ಲೆಕ್ಕದ_ಮೇಷ್ಟ್ರು · ಜನವರಿ 23

ಕಾಗದದ ಮೇಲೆ ಹೌದು. ಕೇಳಿ ನೋಡಿ, ತಪ್ಪಿಲ್ಲ. ಆದರೆ ಬ್ಯಾಂಕಿನವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, ಅವರ ಕಾರಣವೂ ಪೂರ್ತಿ ಸುಳ್ಳಲ್ಲ. ಜಾಸ್ತಿ ಹೋದದ್ದು ಸರ್ಕಾರಕ್ಕೆ ವಾಪಸ್ ಹೋಗಬೇಕು. ಬಾಕಿ ಇರುವುದು ಅಜ್ಜಿಯ ಎಲ್ಲ ವಾರಸುದಾರರಿಗೆ ಸೇರಿದ್ದು. ಚಿಕ್ಕಪ್ಪ ಎಟಿಎಂನಲ್ಲಿ ತೆಗೆದದ್ದನ್ನು ಅತ್ತೆಯರ ಪಾಲಿನಿಂದ ತುಂಬುವುದು ಹೇಗೆ? ಹಾಗಾಗಿ ಎರಡು ಬೇರೆ ಬೇರೆ ಅರ್ಜಿ ಮಾಡಿ. ಒಂದರಲ್ಲಿ ಜೂನಿನ ಲೆಕ್ಕ ತಿದ್ದಿ 74,250 ಮಾಡಿ, ಚಿಕ್ಕಪ್ಪನ ಖಾತೆ ಬಿಡಿ, ಉಳಿದದ್ದನ್ನು ಕಟ್ಟುತ್ತೇವೆ ಅಂತ. ಇನ್ನೊಂದರಲ್ಲಿ ಬಾಕಿ. ಎರಡಕ್ಕೂ ಸೀಲು ಹಾಕಿಸಿಕೊಳ್ಳಿ.

---

ಕೌಂಟರ್_ನಂ_3 · ಜನವರಿ 23

ಮೇಷ್ಟ್ರು ಹೇಳಿದ ಹಾಗೇ ಮಾಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸಮಾಧಾನ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. 2021ರಿಂದ ದೇಶಕ್ಕೆಲ್ಲ ಒಂದೇ ಯೋಜನೆ, ಆನ್‌ಲೈನಿನಲ್ಲೇ ಆಗುತ್ತದೆ, ಖರ್ಚಿಲ್ಲ, ವಕೀಲರೂ ಬೇಡ. ಆದರೆ ಮೊದಲು ಬ್ಯಾಂಕಿಗೆ ಬರೆದ ದಾಖಲೆ ಇರಬೇಕು. ಇಲ್ಲದಿದ್ದರೆ ಅಲ್ಲಿ ತಿರಸ್ಕಾರ ಆಗುತ್ತದೆ.

ಮತ್ತೆ ದಯವಿಟ್ಟು ಆ ಎಟಿಎಂ ಕಾರ್ಡು ಶಾಖೆಗೆ ಒಪ್ಪಿಸಿಬಿಡಿ. ಚಿಕ್ಕಪ್ಪನಿಗೆ ಬೈಯುತ್ತಿಲ್ಲ, ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು, ಪಿನ್ ನಂಬರು ಕಾರ್ಡಿನ ಹಿಂದೆಯೇ ಬರೆದಿರುತ್ತದೆ. ಆದರೆ ಖಾತೆದಾರರು ಹೋದ ಮೇಲೆ ಅವರ ಕಾರ್ಡಿನಿಂದ ದುಡ್ಡು ತೆಗೆಯುವುದು ಒಳ್ಳೆಯ ಉದ್ದೇಶಕ್ಕೇ ಆದರೂ ತಪ್ಪು. ಯಾರಾದರೂ ಹಟ ಹಿಡಿದರೆ ಪೊಲೀಸ್ ಠಾಣೆಯವರೆಗೂ ಎಳೆಯಬಹುದು. ಪೂರ್ತಿ ಕಟ್ಟಲು ಸಿದ್ಧ ಅಂತ ಬರಹದಲ್ಲಿ ಇದ್ದರೆ ಅದೇ ನಿಮಗೆ ರಕ್ಷೆ.

---

ಮುಂಗಾರು_ಮನೆ · ಜನವರಿ 24

ಇದನ್ನೆಲ್ಲ ಓದಿ ನಮ್ಮ ಊರಿನ ಹಳೆಯ ಪೋಸ್ಟ್‌ಮನ್ ನೆನಪಾದರು. ಹೊಸನಗರದ ಹಿನ್ನೀರಿನ ಆಚೆ ನಮ್ಮ ಊರು. ಆಗ ಪಿಂಚಣಿ ಮನಿ ಆರ್ಡರಿನಲ್ಲಿ ಬರುತ್ತಿತ್ತು. ಅವರು ಮಳೆಯಲ್ಲಿ ಕೊಡೆ ಹಿಡಿದು, ಕಾಲಿಗೆ ಉಂಬಳ ಹತ್ತಿಸಿಕೊಂಡು ಬಂದು ಜಗುಲಿಯಲ್ಲಿ ಕೂತು ಕಾಫಿ ಕುಡಿದು ಅಜ್ಜಿ ಕೈಗೇ ಎಣಿಸಿ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು, ಹತ್ತು ರೂಪಾಯಿ ತಮಗೂ ಇಟ್ಟುಕೊಳ್ಳುತ್ತಿದ್ದರು, ಅದು ಬೇರೆ ಮಾತು. ಅಜ್ಜಿ ಹೋದ ತಿಂಗಳು ಅಂಗಳಕ್ಕೆ ಬಂದವರೇ ಚಪ್ಪರ ನೋಡಿ ವಾಪಸ್ ಹೋದರು. ದುಡ್ಡೂ ಹೋಯಿತು. ಯಾರಿಗೂ ನೋಟಿಸ್ ಬರಲಿಲ್ಲ. ಈಗ ನೇರ ಖಾತೆಗೆ ಬರುತ್ತದೆ, ಒಳ್ಳೆಯದೇ, ಆದರೆ ಖಾತೆಗೆ ಚಪ್ಪರ ಕಾಣುವುದಿಲ್ಲ.

---

ಸೊರಬದ_ಸೊಗಡು · ಜನವರಿ 24

ನಾನು ಮೊದಲು ಬರೆದದ್ದು ಓದಿ ಒಬ್ಬರು ಮೆಸೇಜ್ ಮಾಡಿದರು, ಹಾಗಾದರೆ ಚಿಕ್ಕ ಮೊತ್ತ ಆದರೆ ಇಟ್ಟುಕೊಳ್ಳಬಹುದಾ ಅಂತ. ಅಯ್ಯೋ ಹಾಗಲ್ಲ! ಅವತ್ತು ಕೇಳಿಲ್ಲ ಅಷ್ಟೇ. ತಾಲ್ಲೂಕು ಕಚೇರಿಯವರು ಆಗಾಗ ಪಟ್ಟಿ ಹಿಡಿದು ಮನೆಮನೆಗೆ ಬರುತ್ತಾರೆ.

ನನ್ನದೇ ಇನ್ನೊಂದು ಇದೆ, ಹೇಳಿಬಿಡುತ್ತೇನೆ. ಪಿಎಂ ಕಿಸಾನ್. ವರ್ಷಕ್ಕೆ 6,000, ಮೂರು ಕಂತು. ಶುರುವಾದಾಗ ನಾನು ತೆರಿಗೆ ಕಟ್ಟುತ್ತಿರಲಿಲ್ಲ, ತೋಟ ಮಾತ್ರ. ಆಮೇಲೆ ಹೆಂಡತಿಗೆ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ಯೋಜನೆಗೆ ಕುಟುಂಬ ಅಂದರೆ ಗಂಡ, ಹೆಂಡತಿ, ಚಿಕ್ಕ ಮಕ್ಕಳು. ಅದರಲ್ಲಿ ಒಬ್ಬರು ಸರ್ಕಾರಿ ನೌಕರಿಯಲ್ಲಿದ್ದರೂ ಇಲ್ಲ. ನನಗೆ ಇದು ಗೊತ್ತಿರಲಿಲ್ಲ, ಜಮೀನು ನನ್ನ ಹೆಸರಲ್ಲಿದೆ, ಅವಳ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ರೈತ ಸಂಪರ್ಕ ಕೇಂದ್ರದಿಂದ ಫೋನ್ ಬಂತು. ಆರು ಕಂತು, 12,000 ವಾಪಸ್ ಕಟ್ಟಿದೆ. ಪೋರ್ಟಲಿನಲ್ಲೇ ಹಿಂತಿರುಗಿಸುವ ವ್ಯವಸ್ಥೆ ಇದೆ. ಕಟ್ಟಿದ ರಸೀದಿ ತೆಗೆದಿಟ್ಟುಕೊಳ್ಳಿ, ನನಗೆ ಕಟ್ಟಿದ ಮೇಲೂ ಎರಡನೇ ಸಲ ಫೋನ್ ಬಂದಿತ್ತು.

---

ತುಂಗಾತೀರ · ಜನವರಿ 24

ಗೃಹಲಕ್ಷ್ಮಿಗೂ ಹೀಗೇನಾ? ನಮ್ಮ ದೊಡ್ಡಮ್ಮ ತೀರಿಕೊಂಡು ಎರಡು ತಿಂಗಳಾಯಿತು, ಹೋದ ವಾರ 2,000 ಬಂದಿದೆ.

---

ಲೆಕ್ಕದ_ಮೇಷ್ಟ್ರು · ಜನವರಿ 24

ಅದಕ್ಕೂ ಹೀಗೇ, ಮುಟ್ಟಬೇಡಿ. ಒಂದು ಮಾತು ನೋಡಿಕೊಳ್ಳಿ, ಇಂಥ ಯೋಜನೆಯ ದುಡ್ಡು ಒಂದೊಂದು ಸಲ ತಡವಾಗಿ, ಹಿಂದಿನ ತಿಂಗಳಿನದು ಬರುತ್ತದೆ. ದೊಡ್ಡಮ್ಮ ಇದ್ದಾಗಿನ ತಿಂಗಳದ್ದೋ ಆಮೇಲಿನದ್ದೋ ಅಂತ ಶಿಶು ಅಭಿವೃದ್ಧಿ ಕಚೇರಿಯಲ್ಲಿ ಕೇಳಿ, ಮರಣ ಪತ್ರದ ನಕಲು ಅಲ್ಲೇ ಕೊಡಿ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹೆಸರು ಬದಲಾಗಬೇಕು, ಅದು ಮೊದಲು. ಮರಣ ನೋಂದಣಿ 21 ದಿನದೊಳಗೆ ಮಾಡಿಸಿದ್ದೀರಿ ತಾನೇ?

---

ತುಂಗಾತೀರ · ಜನವರಿ 24

ಮಾಡಿಸಿದ್ದೇವೆ ಸರ್. ಸೋಮವಾರ ಹೋಗುತ್ತೇನೆ.

---

ಆನಂದಪುರದವ · ಫೆಬ್ರವರಿ 9

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಎರಡು ಅರ್ಜಿ ಬರೆದು ಚಿಕ್ಕಪ್ಪನ ಜೊತೆ ಹೋದೆ. ಮೊದಲು ಸೀಲು ಹಾಕಲು ಒಪ್ಪಲಿಲ್ಲ. ಒಳಗೆ ಕಳಿಸುತ್ತೇವೆ ಬಿಡಿ, ಸೀಲು ಯಾಕೆ ಅಂದರು. ಚಿಕ್ಕಪ್ಪ ಹಾಗಾದರೆ ನಾವು ಇಲ್ಲೇ ಕೂರುತ್ತೇವೆ ಅಂತ ಎಲೆಯಡಿಕೆ ಚೀಲ ಬಿಚ್ಚಿದರು. ಹತ್ತು ನಿಮಿಷಕ್ಕೆ ಸೀಲು ಬಿತ್ತು.

ಮ್ಯಾನೇಜರ್ ಕೂರಿಸಿಕೊಂಡು ಮಾತಾಡಿದರು, ಕೆಟ್ಟವರೇನಲ್ಲ. ಜೂನಿನ 18 ದಿನದ ಲೆಕ್ಕ ತೋರಿಸಿದಾಗ ಕ್ಯಾಲ್ಕುಲೇಟರ್ ತೆಗೆದು ತಾವೇ ಮಾಡಿ ನೋಡಿ ಹೌದು ಅಂದರು. ಚಿಕ್ಕಪ್ಪನ ಖಾತೆ ಯಾವ ನಿಯಮದಲ್ಲಿ ಹಿಡಿದದ್ದು ಅಂತ ಬರಹದಲ್ಲಿ ಕೊಡಿ ಅಂದಿದ್ದಕ್ಕೆ ಉತ್ತರ ಬರಲಿಲ್ಲ, ಆದರೆ ಎರಡು ದಿನ ಬಿಟ್ಟು ಹೋಲ್ಡ್ ತೆಗೆದರು. ಸುಲಿಯುವವರ ಲೆಕ್ಕ ಕೊಟ್ಟಾಯಿತು.

ಹೊಸ ಪತ್ರ ಬಂತು, 74,250. ಅಜ್ಜಿ ಖಾತೆಯ 61,400 ಅದಕ್ಕೆ ಹೋಯಿತು, ಉಳಿದ 12,850 ಚಿಕ್ಕಪ್ಪ ಕಟ್ಟಿದರು. ರಸೀದಿ ತೆಗೆದುಕೊಂಡೆ. ಇನ್ನು ಯಾವ ಬಾಕಿಯೂ ಇಲ್ಲ ಅಂತ ಒಂದು ಪತ್ರವನ್ನೂ ಕೇಳಿ ಪಡೆದೆ. ಆ 61,400ರಲ್ಲಿ ಅಜ್ಜಿ ಮೊದಲೇ ಕೂಡಿಟ್ಟಿದ್ದೂ ಇತ್ತು, ಅದು ಅತ್ತೆಯರಿಗೆ ಗೊತ್ತಾಗಿ ಮನೆಯಲ್ಲಿ ಬೇರೆ ರಾಮಾಯಣ ನಡೆಯುತ್ತಿದೆ. ಚಿಕ್ಕಪ್ಪ ಎಷ್ಟು ತೆಗೆದರು, ಯಾವುದಕ್ಕೆ ತೆಗೆದರು ಅಂತ ಈಗ ಹಾಳೆಯಲ್ಲಿ ಬರೆಯುತ್ತಿದ್ದಾರೆ. ಊಟಕ್ಕೆ ಎಷ್ಟು ತೆಂಗಿನಕಾಯಿ ಅಂತೆಲ್ಲ ಚರ್ಚೆ.

ಎಂಬತ್ತರ ಬಾಕಿ ಕಳೆದುಕೊಳ್ಳಿ ಅಂದದ್ದಕ್ಕೆ ಒಪ್ಪಲಿಲ್ಲ, ಮೇಷ್ಟ್ರು ಹೇಳಿದ ಕಾರಣವೇ ಹೇಳಿದರು. ಅರ್ಜಿ ಮಾತ್ರ ಪಿಂಚಣಿ ಕೇಂದ್ರಕ್ಕೆ ಕಳಿಸಿದ್ದಾರೆ.

---

ಭದ್ರಾವತಿ_ಮಗ · ಫೆಬ್ರವರಿ 9

ನಮ್ಮದು ಇನ್ನೂ ನಡೆಯುತ್ತಿದೆ. ಕಂತು ಅರ್ಧಕ್ಕೆ ಇಳಿಸಿದ್ದಾರೆ. ಅಂಚೆ ಇಲಾಖೆಯಿಂದ ಬಂದ ಆದೇಶದ ನಕಲು ಕೊಡಿ ಅಂದೆ, "ಹುಡುಕುತ್ತಿದ್ದೇವೆ" ಅಂದಿದ್ದಾರೆ. 30 ದಿನ ಎಣಿಸುತ್ತಿದ್ದೇನೆ.

---

ಆನಂದಪುರದವ · ಮಾರ್ಚ್ 4

ಮೇಷ್ಟ್ರೇ, ಇದಕ್ಕೆ ಏನು ಮಾಡಲಿ. ಬಾಕಿಯ ಬಗ್ಗೆ ಕೇಳಲು ಇವತ್ತು ಹೋಗಿದ್ದೆ. ಹುಟ್ಟಿದ ದಿನದ ದಾಖಲೆ ಒಪ್ಪಿಕೊಂಡಿದ್ದಾರಂತೆ, ಮೊತ್ತವೂ ಸರಿಯಂತೆ. ಆದರೆ ದುಡ್ಡು ಬಿಡುಗಡೆ ಮಾಡಲು ಹೋದರೆ ಸಿಸ್ಟಮ್ಮಿನಲ್ಲಿ ಪಿಂಚಣಿದಾರರ ಜೀವಿತ ಪ್ರಮಾಣಪತ್ರ ಬಾಕಿ ಇದೆ ಅಂತ ತೋರಿಸುತ್ತಿದೆಯಂತೆ. ಅದನ್ನು ತಂದುಕೊಡಿ ಅಂದರು. ಯಾರದು ಅಂದೆ. ಅಜ್ಜಿಯದು ಅಂದರು. ನಾನೂ ಅವರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡು ಕೂತೆವು.

---

ಲೆಕ್ಕದ_ಮೇಷ್ಟ್ರು · ಮಾರ್ಚ್ 4

ಬ್ಯಾಂಕಿನವರು ಅದನ್ನು ಮಾಮೂಲಿ ಬಾಕಿ ಅಂತ ಹಾಕಿದ್ದಾರೆ. ಇದಕ್ಕೆ ಬೇರೆ ಹೆಸರಿದೆ, ಲೈಫ್ ಟೈಮ್ ಅರಿಯರ್ಸ್, ಅಂದರೆ ಪಿಂಚಣಿದಾರರು ಬದುಕಿದ್ದ ಕಾಲದ ಬಾಕಿ. ಆ ಶೀರ್ಷಿಕೆಯಲ್ಲಿ ಹೊಸ ಅರ್ಜಿ ಕೊಡಿ. ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ, ನಿಮ್ಮ ತಂದೆ, ಚಿಕ್ಕಪ್ಪ, ಇಬ್ಬರು ಅತ್ತೆಯರ ಆಧಾರ್ ಮತ್ತು ಪಾಸ್‌ಬುಕ್ ನಕಲು. ಒಬ್ಬರ ಖಾತೆಗೇ ಹಾಕಬೇಕಾದರೆ ಉಳಿದ ಮೂವರ ಒಪ್ಪಿಗೆ ಪತ್ರ. ನಿಮ್ಮ ಮನೆಯ ಪರಿಸ್ಥಿತಿ ನೋಡಿದರೆ ನಾಲ್ಕು ಖಾತೆಗೂ ಬೇರೆ ಬೇರೆ ಹಾಕಿಸುವುದೇ ವಾಸಿ. ತಲೆಗೆ 11,556.

---

ಆನಂದಪುರದವ · ಮಾರ್ಚ್ 4

ನಾಳೆ ವಂಶವೃಕ್ಷಕ್ಕೆ ಅರ್ಜಿ ಹಾಕುತ್ತೇನೆ. ದೊಡ್ಡತ್ತೆಗೆ ಈಗಲೇ ಫೋನ್ ಮಾಡಿ 11,556 ಅಂತ ಹೇಳಿದೆ. ಆಧಾರ್ ನಕಲು ಐದು ನಿಮಿಷದಲ್ಲಿ ವಾಟ್ಸಾಪಿಗೆ ಬಂತು.